ಡಾಂಬರು ಅಗೆದು ಬಿತ್ತಿದ ಪಾಠ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಹೆಸರಿನ ಸರ್ಕಾರಿ ಮಾಧ್ಯಮಿಕ ಶಾಲೆಯೊಂದಿದೆ. ಆರರಿಂದ ಎಂಟನೇ ತರಗತಿವರೆಗಿನ ಸುಮಾರು ಸಾವಿರ ಮಕ್ಕಳು ಅಲ್ಲಿ ಓದುತ್ತಾರೆ. ಮೂವತ್ತು ವರ್ಷಗಳ ಹಿಂದೆ ಅದರ ಆವರಣದಲ್ಲಿ ಎಕರೆಯಷ್ಟು ಜಾಗ ಡಾಂಬರು ಹೊದ್ದು ಪಾಳು ಬಿದ್ದಿತ್ತು. ಹಳೆಯ ಅಡುಗೆಮನೆ ಬಳಕೆ ತಪ್ಪಿ ಮುಚ್ಚಿಹೋಗಿತ್ತು. ಮಕ್ಕಳಿಗೆ ಮಧ್ಯಾಹ್ನ ಸಿಗುತ್ತಿದ್ದದ್ದು ಪ್ಯಾಕೆಟ್ಟಿನಲ್ಲಿ ಬಂದು ಮೈಕ್ರೋವೇವ್ ಒಲೆಯಲ್ಲಿ ಬಿಸಿಯಾದ ತಿಂಡಿ.

ಆ ಶಾಲೆಯ ಮುಂದೆ ಆಗಾಗ ಹಾದುಹೋಗುತ್ತಿದ್ದವರಲ್ಲಿ ಆಲಿಸ್ ವಾಟರ್ಸ್ ಒಬ್ಬರು. 1971ರಲ್ಲಿ ಅದೇ ಊರಿನಲ್ಲಿ ‘ಷೆ ಪನೀಸ್’ ಎಂಬ ಹೋಟೆಲು ತೆರೆದು, ಸುತ್ತಲಿನ ರೈತರು ಆಯಾ ಋತುವಿಗೆ ಬೆಳೆದದ್ದನ್ನೇ ಬಡಿಸಿ ಹೆಸರಾದವರು. ಹೋಟೆಲಿಗೆ ಮುಂಚೆ ಮಾಂಟೆಸ್ಸರಿ ಶಾಲೆಯಲ್ಲಿ ಪಾಠ ಹೇಳಿದ್ದರು. ಮುಟ್ಟಿ, ಮೂಸಿ, ಮಾಡಿ ಕಲಿಯುವ ಕ್ರಮ ಅವರಿಗೆ ಹೊಸದಾಗಿರಲಿಲ್ಲ. ಪತ್ರಿಕೆಯೊಂದರ ಸಂದರ್ಶನದಲ್ಲಿ ಅವರು ಈ ಶಾಲೆಯ ಅವಸ್ಥೆಯ ಬಗ್ಗೆ ಬೇಸರದ ಮಾತಾಡಿದರು. ಅದನ್ನು ಓದಿದ ಮುಖ್ಯೋಪಾಧ್ಯಾಯ ನೀಲ್ ಸ್ಮಿತ್ ಸಿಟ್ಟಾಗದೆ, ಬಂದು ನೋಡಿ ಎಂದು ಅವರನ್ನೇ ಕರೆದರು. 1995ರಲ್ಲಿ ‘ಎಡಿಬಲ್ ಸ್ಕೂಲ್‌ಯಾರ್ಡ್’ ಎಂಬ ಶಾಲಾ ತೋಟ ಶುರುವಾಯಿತು.

ಡಾಂಬರು ಕಿತ್ತ ನೆಲದಲ್ಲಿ ಜೀವವಿರುವುದಿಲ್ಲ. ಗಾಳಿಯಾಡದೆ, ನೀರಿಳಿಯದೆ ವರ್ಷಗಟ್ಟಲೆ ಮುಚ್ಚಿಟ್ಟ ಮಣ್ಣು ಅದು. ಹಾಗಾಗಿ ಅಲ್ಲಿ ಮೊದಲು ಬಿತ್ತಿದ್ದು ತಿನ್ನುವ ತರಕಾರಿಯನ್ನಲ್ಲ, ಮಣ್ಣಿಗೆ ಸಾರಜನಕ ತುಂಬುವ ಹೊದಿಕೆ ಬೆಳೆಯನ್ನು. ನಮ್ಮ ರೈತರು ಗದ್ದೆಗೆ ಸೆಣಬು, ಡಯಂಚ ಚೆಲ್ಲಿ ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುತ್ತಾರಲ್ಲ, ಅದೇ ಉಪಾಯ. ಬೆಳೆದದ್ದನ್ನೆಲ್ಲ ಕತ್ತರಿಸಿ ಮಣ್ಣಿಗೇ ಕೊಡುವುದನ್ನು ಹನ್ನೆರಡು ವರ್ಷದ ಮಕ್ಕಳಿಗೆ ಒಪ್ಪಿಸುವುದು ಸುಲಭದ ಮಾತಲ್ಲ.

1997ರಲ್ಲಿ ಅಡುಗೆಮನೆಯೂ ತರಗತಿಯಾಗಿ ಬಾಗಿಲು ತೆರೆಯಿತು. ಇಂದು ಆ ಶಾಲೆಯಲ್ಲಿ ತೋಟ ಮತ್ತು ಅಡುಗೆಮನೆ ಎರಡೂ ವೇಳಾಪಟ್ಟಿಯೊಳಗಿನ ಪಾಠಗಳು. ವಿಜ್ಞಾನದ ತರಗತಿ ತೋಟಕ್ಕೆ ಬರುತ್ತದೆ, ಇತಿಹಾಸ-ಸಮಾಜದ ತರಗತಿ ಅಡುಗೆಮನೆಗೆ ಹೋಗುತ್ತದೆ. ತೋಟದಲ್ಲಿ ಮಕ್ಕಳು ಹುಲ್ಲಿನ ಪಿಂಡಿಗಳ ಮೇಲೆ ಸುತ್ತ ಕೂತು ಅಂದಿನ ಕೆಲಸಗಳನ್ನು ಕೇಳಿಸಿಕೊಂಡು ಹಂಚಿಕೊಳ್ಳುತ್ತಾರೆ: ಗೊಬ್ಬರದ ಗುಡ್ಡೆ ಮಗುಚುವವರು ಕೆಲವರು, ಸಸಿ ನಾಟಿ ಮಾಡುವವರು ಕೆಲವರು, ಕೋಳಿ ನೋಡಿಕೊಳ್ಳುವವರು ಮತ್ತೆ ಕೆಲವರು. ಅಡುಗೆಮನೆಯಲ್ಲಿ ಕತ್ತರಿಸುವುದು, ಬೇಯಿಸುವುದು ಅರ್ಧ ಪಾಠ ಮಾತ್ರ. ಮೇಜಿಗೆ ಬಟ್ಟೆ ಹಾಸಿ, ಹೂ ಇಟ್ಟು, ಎಲ್ಲರೂ ಒಟ್ಟಿಗೆ ಕೂತು ಮಾತಾಡುತ್ತ ತಿಂದು, ಪಾತ್ರೆ ತೊಳೆದು, ಸಿಪ್ಪೆಯನ್ನು ಗೊಬ್ಬರಕ್ಕೆ ಹಾಕಿದ ಮೇಲೆಯೇ ಬಿಡುಗಡೆ. ಹುಡುಗರು ತೊಳೆಯುವುದು, ಹುಡುಗಿಯರು ಬಡಿಸುವುದು ಎಂಬ ಭೇದ ಅಲ್ಲಿಲ್ಲ. ಒಂದೇ ಊರಿನಲ್ಲಿದ್ದರೂ ಬೇರೆ ಬೇರೆ ಭಾಷೆ ಮಾತಾಡುವ, ಬೇರೆ ಬೇರೆ ಊಟ ಉಣ್ಣುವ ಮನೆಗಳಿಂದ ಬಂದ ಮಕ್ಕಳು ಅವರು. ಒಟ್ಟಿಗೆ ಕೂತು ಉಣ್ಣುವುದೂ ಕಲಿಸಬೇಕಾದ ವಿದ್ಯೆ ಎಂದು ಅಲ್ಲಿನವರು ತಿಳಿದಂತಿದೆ.

ಒಂದು ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಎಕರೆ ತೋಟ ಸಾವಿರ ಮಕ್ಕಳ ಹೊಟ್ಟೆ ತುಂಬಿಸುವುದಿಲ್ಲ, ತುಂಬಿಸಬೇಕೆಂದು ಯಾರೂ ಹಟ ಹಿಡಿದೂ ಇಲ್ಲ. ಅಲ್ಲಿ ಬೆಳೆದದ್ದು ಹೆಚ್ಚಾಗಿ ಅಡುಗೆ ತರಗತಿಗೇ ಖರ್ಚಾಗುತ್ತದೆ. ಶಾಲಾ ತೋಟವೆಂದರೆ ಊಟದ ಖರ್ಚು ಉಳಿಸುವ ದಾರಿ ಎಂದುಕೊಂಡವರು ಎರಡೇ ವರ್ಷದಲ್ಲಿ ನಿರಾಶರಾಗುತ್ತಾರೆ.

ಈ ಯೋಚನೆ ಆಲಿಸ್ ವಾಟರ್ಸ್ ಅವರೊಂದಿಗೇ ಹುಟ್ಟಿದ್ದೇನಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲೇ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ತಮ್ಮ ಶಿಶುವಿಹಾರದ ನಕ್ಷೆಯಲ್ಲಿ ಪ್ರತಿ ಮಗುವಿಗೂ ಸ್ವಂತದ್ದೊಂದು ಪುಟ್ಟ ಮಡಿ, ಅವುಗಳ ಸುತ್ತ ಎಲ್ಲರಿಗೂ ಸೇರಿದ ದೊಡ್ಡ ಮಡಿಗಳು ಎಂದು ಬರೆದಿಟ್ಟಿದ್ದರು. 1902ರಲ್ಲಿ ಫ್ಯಾನಿ ಗ್ರಿಸ್ಕಮ್ ಪಾರ್ಸನ್ಸ್ ಎಂಬಾಕೆ ನ್ಯೂಯಾರ್ಕಿನ ಡಿವಿಟ್ ಕ್ಲಿಂಟನ್ ಪಾರ್ಕಿನಲ್ಲಿ ಬಡ ಬೀದಿಗಳ ಮಕ್ಕಳಿಗಾಗಿ ಹೊಲ ಮಾಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರವೇ ಶಾಲಾ ಮಕ್ಕಳ ತೋಟದ ಸೈನ್ಯವೊಂದನ್ನು ಕಟ್ಟಿತು. ಯುದ್ಧ ಮುಗಿಯಿತು, ಸೈನ್ಯವೂ ಕರಗಿತು. 2009ರ ಮಾರ್ಚಿನಲ್ಲಿ ಮಿಷೆಲ್ ಒಬಾಮ ಶ್ವೇತಭವನದ ಹುಲ್ಲುಹಾಸು ಅಗೆದು ತರಕಾರಿ ತೋಟಕ್ಕೆ ಕೈ ಹಾಕಿದಾಗ ಪಕ್ಕದಲ್ಲಿ ಗುದ್ದಲಿ ಹಿಡಿದವರು ಬ್ಯಾಂಕ್ರಾಫ್ಟ್ ಪ್ರಾಥಮಿಕ ಶಾಲೆಯ ಐದನೇ ತರಗತಿಯ ಮಕ್ಕಳು. ಶಾಲಾ ತೋಟಗಳ ಕಥೆಯೇ ಹೀಗೆ, ಉತ್ಸಾಹದಲ್ಲಿ ಹುಟ್ಟಿ ಆಸಕ್ತಿ ಇಳಿದಾಗ ಒಣಗುವುದು, ಇಪ್ಪತ್ತು ಮೂವತ್ತು ವರ್ಷಕ್ಕೆ ಮತ್ತೆ ಚಿಗುರುವುದು.

ಇದರಿಂದ ಮಕ್ಕಳಿಗೆ ನಿಜಕ್ಕೂ ಏನು ಸಿಗುತ್ತದೆ? ಟೆಕ್ಸಾಸ್ ರಾಜ್ಯದ ಆಸ್ಟಿನ್ ಸುತ್ತಮುತ್ತಲಿನ 16 ಪ್ರಾಥಮಿಕ ಶಾಲೆಗಳಲ್ಲಿ ನಡೆದ ‘ಟಿಎಕ್ಸ್ ಸ್ಪ್ರೌಟ್ಸ್’ ಎಂಬ ಅಧ್ಯಯನ ಈ ಪ್ರಶ್ನೆಯನ್ನು ಶಿಸ್ತಾಗಿ ಕೇಳಿತು. ಚೀಟಿ ಎತ್ತಿದಂತೆ ಅರ್ಧ ಶಾಲೆಗಳನ್ನು ಆರಿಸಿ, ಅಲ್ಲಿ ತೋಟ ಮಾಡಿ, ವರ್ಷಕ್ಕೆ 18 ಪಾಠಗಳಲ್ಲಿ ಬೆಳೆಯುವುದು, ಅಡುಗೆ, ಪೋಷಣೆ ಮೂರನ್ನೂ ಕಲಿಸಿದರು. ಉಳಿದರ್ಧ ಶಾಲೆಗಳನ್ನು ಹೋಲಿಕೆಗೆ ಇಟ್ಟುಕೊಂಡರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೋಟವಿದ್ದ ಶಾಲೆಯ ಮಕ್ಕಳು ತರಕಾರಿ ತಿನ್ನುವುದು ಸ್ವಲ್ಪ ಹೆಚ್ಚಿತು. ಮೈತೂಕ, ರಕ್ತದೊತ್ತಡಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತೋಟ ಮಾಡಿದರೆ ಬೊಜ್ಜು ಕರಗುತ್ತದೆ ಎಂದು ಭಾಷಣ ಮಾಡುವವರು ಈ ಎರಡನೇ ಸಾಲನ್ನೂ ಓದಬೇಕು.

ತರಕಾರಿಯ ಮಾತಿಗೆ ಬಂದರೆ ಕಾರಣ ತಿಳಿದದ್ದೇ. ಮಕ್ಕಳು ಹೊಸ ರುಚಿಯನ್ನು ಒಂದೇ ಸಲಕ್ಕೆ ಒಪ್ಪುವುದಿಲ್ಲ. ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ನಾಲಿಗೆಗೆ ತಾಗಿದ ಮೇಲೆ ಒಗ್ಗುತ್ತದೆ ಎಂದು ಮಕ್ಕಳ ಆಹಾರದ ಬಗ್ಗೆ ದಶಕಗಳಿಂದ ನಡೆದ ಸಂಶೋಧನೆ ಹೇಳುತ್ತದೆ. ಮನೆಯಲ್ಲಿ ಅಷ್ಟು ಸಲ ಕಾಯುವ ತಾಳ್ಮೆ ಯಾರಿಗಿದೆ? ಎರಡು ಸಲ ಪಕ್ಕಕ್ಕೆ ಸರಿಸಿದ ಹಾಗಲಕಾಯಿ ಮೂರನೇ ಸಲ ತಟ್ಟೆಗೇ ಬರುವುದಿಲ್ಲ. ತೋಟದಲ್ಲಿ ಹಾಗಲ್ಲ. ದಂಟಿನ ಸೊಪ್ಪನ್ನು ಮಗು ಬೀಜವಾಗಿ ಮುಟ್ಟಿರುತ್ತದೆ, ಮೊಳಕೆಯಾಗಿ ನೋಡಿರುತ್ತದೆ, ಕಳೆ ಕೀಳುವಾಗ ತಪ್ಪಿ ಅದನ್ನೇ ಕಿತ್ತು ಬೈಸಿಕೊಂಡಿರುತ್ತದೆ. ಸಾರಿನಲ್ಲಿ ಬಿದ್ದು ತಟ್ಟೆಗೆ ಬರುವ ಹೊತ್ತಿಗೆ ಅದು ಅಪರಿಚಿತ ವಸ್ತುವಾಗಿರುವುದಿಲ್ಲ.

ಈ ಮೆಚ್ಚುಗೆಯ ನಡುವೆ 2010ರ ಆರಂಭದಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಕೇಟ್ಲಿನ್ ಫ್ಲಾನಗನ್ ಬರೆದ ಲೇಖನವೊಂದು ದೊಡ್ಡ ಗದ್ದಲ ಎಬ್ಬಿಸಿತು. ಅವರ ವಾದದ ತಿರುಳು ಇಷ್ಟು: ಹೊಲದಲ್ಲಿ ಕೂಲಿ ಮಾಡಿ ಬೆನ್ನು ಬಗ್ಗಿದ ವಲಸೆ ಕಾರ್ಮಿಕ, ಮಗ ಈ ಬದುಕಿನಿಂದ ಪಾರಾಗಲಿ ಎಂದು ಶಾಲೆಗೆ ಕಳಿಸುತ್ತಾನೆ. ಆ ಶಾಲೆ ಮಗನ ಕೈಗೆ ಮತ್ತೆ ಸೊಪ್ಪು ಕೀಳುವ ಕೆಲಸವನ್ನೇ ಕೊಟ್ಟರೆ ಏನರ್ಥ? ಓದು, ಬರಹ, ಗಣಿತಕ್ಕೆ ಸಲ್ಲಬೇಕಾದ ಗಂಟೆಗಳನ್ನು ಉಳ್ಳವರ ಹವ್ಯಾಸಕ್ಕೆ ಏಕೆ ಕೊಡಬೇಕು? ಎಡಿಬಲ್ ಸ್ಕೂಲ್‌ಯಾರ್ಡಿನ ಅಭಿಮಾನಿಗಳು ಇದಕ್ಕೆ ಸಾಕಷ್ಟು ಉತ್ತರ ಕೊಟ್ಟರು. ಆದರೆ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ, ಭಾರತದಲ್ಲಿ ಕುಳಿತು ಓದುವವರಿಗಂತೂ ಅಲ್ಲವೇ ಅಲ್ಲ.

ಇಲ್ಲಿ ಈ ಪ್ರಶ್ನೆಗೆ ಜಾತಿಯ ಮುಳ್ಳೂ ಇದೆ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ, ಅದರ ಹಿಂದೆಯೇ ಬಂದ ಝಾಕಿರ್ ಹುಸೇನ್ ಸಮಿತಿಯ ವರದಿ, ಇವೆರಡೂ ಕೃಷಿ, ನೂಲುವಿಕೆಯಂಥ ಕೈಕಸುಬಿನ ಸುತ್ತ ಇಡೀ ಶಾಲೆಯನ್ನು ಕಟ್ಟುವ ಕನಸು ಕಂಡವು. ನಯೀ ತಾಲೀಮ್ ಎನಿಸಿಕೊಂಡ ಈ ಪದ್ಧತಿ ಸೊರಗಲು ಕಾರಣಗಳು ಹಲವಾರಿದ್ದರೂ ಒಂದು ಕಾರಣ ಎಲ್ಲರಿಗೂ ಗೊತ್ತಿತ್ತು: ಅನುಕೂಲಸ್ಥರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರು, ಗುದ್ದಲಿ ಹಿಡಿಯುವುದು ಮಿಕ್ಕವರ ಮಕ್ಕಳ ಪಾಲಿಗೆ ಉಳಿಯುವಂತಾಯಿತು. ಇದು ಹಳೆಯ ಕಥೆ ಎನ್ನುವಂತೆಯೂ ಇಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಬಂದಾಗ ರಾಜ್ಯವೇ ತಲೆ ತಗ್ಗಿಸಿತು. ಇಂಥ ನೆಲದಲ್ಲಿ, ‘ನಮ್ಮ ಹುಡುಗನನ್ನು ಕಳಿಸೋದು ಓದೋಕೆ, ಮಣ್ಣು ಹೊರೋಕಲ್ಲ’ ಎಂದು ತಂದೆಯೊಬ್ಬ ಹೇಳಿದರೆ ಆತನಿಗೆ ಪರಿಸರ ಪ್ರಜ್ಞೆ ಇಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ತೋಟದ ಕೆಲಸ ಪಾಠವಾಗಬೇಕಾದರೆ ಸರದಿಯಲ್ಲಿ ಎಲ್ಲ ಮಕ್ಕಳೂ, ಜೊತೆಗೆ ಮೇಷ್ಟ್ರೂ ಕೈ ಕೆಸರು ಮಾಡಿಕೊಳ್ಳಬೇಕು. ಮತ್ತು ಪ್ರತಿ ಕೆಲಸದ ಹಿಂದೆ ಒಂದು ಪ್ರಶ್ನೆ ಇರಬೇಕು. ಪ್ರಶ್ನೆ ಇಲ್ಲದ ಗುದ್ದಲಿ ಕೆಲಸ ಬಿಟ್ಟಿ ಚಾಕರಿ.

ಪ್ರಶ್ನೆಗಳಿಗೇನೂ ಬರವಿಲ್ಲ. ಸಿಹಿಗುಂಬಳದ ಬಳ್ಳಿಯೊಂದನ್ನೇ ತೆಗೆದುಕೊಳ್ಳಿ. ಹೂವೇನೋ ಕಂತೆ ಕಂತೆ ಬಿಡುತ್ತದೆ, ಕಾಯಿ ಮಾತ್ರ ನಾಲ್ಕೈದು. ಏಕೆ? ಮೊದಲು ಬರುವ ಹೂಗಳೆಲ್ಲ ಹೆಚ್ಚಾಗಿ ಗಂಡು. ಹೆಣ್ಣು ಹೂವಿನ ಬುಡದಲ್ಲಿ ಗೋಲಿ ಗಾತ್ರದ ಪುಟ್ಟ ಕಾಯಿ ಮೊದಲೇ ಕೂತಿರುತ್ತದೆ. ಜೇನ್ನೊಣ ಬಂದು ಪರಾಗ ಮುಟ್ಟಿಸದಿದ್ದರೆ ಅದು ಹಳದಿಯಾಗಿ ಉದುರುತ್ತದೆ. ಜೇನು ಕಾಣದ ಊರಿನಲ್ಲಿ ಮಕ್ಕಳೇ ಬಣ್ಣದ ಕುಂಚದಿಂದ ಆ ಕೆಲಸ ಮಾಡಿ ಕಾಯಿ ನಿಲ್ಲಿಸಬಹುದು. ಹಾಗೆ ನಿಲ್ಲಿಸಿದ ಮಗುವಿಗೆ ಪರಾಗಸ್ಪರ್ಶದ ಚಿತ್ರ ಬರೆದು ಭಾಗಗಳನ್ನು ಗುರುತಿಸು ಎಂಬ ಪ್ರಶ್ನೆ ಕಷ್ಟವಾಗಲಾರದು. ಇನ್ನೂ ಒಂದು ಸ್ವಾರಸ್ಯವಿದೆ. ಸಿಹಿಗುಂಬಳದ ಹೂವು ನಸುಕಿನಲ್ಲಿ ಅರಳಿ ಬೆಳಗಿನ ತರಗತಿಗೆ ಸಿಗುತ್ತದೆ. ಹೀರೆ, ಸೋರೆಯ ಹೂಗಳು ಸಂಜೆ ಅರಳುತ್ತವೆ, ಶಾಲೆಯ ಗಂಟೆ ಹೊಡೆದು ಎಲ್ಲರೂ ಮನೆ ಸೇರಿದ ಮೇಲೆ. ಅವುಗಳ ಹತ್ತಿರ ಯಾವ ಹುಳ ಬರುತ್ತದೆ ಎಂದು ನೋಡಬೇಕಾದರೆ ಮನೆಯ ಬೇಲಿಗೇ ಬಳ್ಳಿ ಹಬ್ಬಿಸಬೇಕು.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಕೈತೋಟ ಹೊಸದೇನಲ್ಲ. ಬಿಸಿಯೂಟ ಬಂದ ಮೇಲೆ ಎಷ್ಟೋ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕೈ ತೊಳೆದ, ತಟ್ಟೆ ತೊಳೆದ ನೀರು ಹರಿಯುವ ಕಡೆ ಬಾಳೆ, ನುಗ್ಗೆ, ಕರಿಬೇವು ತಾವಾಗಿ ಜಾಗ ಮಾಡಿಕೊಂಡವು. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಬೆಳೆದದ್ದು ಬಿಸಿಯೂಟಕ್ಕೆ ಬಳಕೆಯಾಗಬೇಕು, ಜಾಗವಿಲ್ಲದ ಶಾಲೆಗಳು ತಾರಸಿ, ಕುಂಡ, ಡಬ್ಬಗಳಲ್ಲೂ ಬೆಳೆಯಬಹುದು ಎಂಬುದು ಅದರ ಸಾರ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಬರ್ಕ್ಲಿಯಲ್ಲಿ ಇದ್ದು ಇಲ್ಲಿ ಇಲ್ಲದಿರುವುದು ಜಮೀನಲ್ಲ, ಬಿಸಿಲಲ್ಲ, ಬೀಜವಂತೂ ಅಲ್ಲವೇ ಅಲ್ಲ. ಅಲ್ಲಿ ತೋಟಕ್ಕೆ ಬೇರೆ ಶಿಕ್ಷಕರು, ಅಡುಗೆಮನೆಗೆ ಬೇರೆ ಶಿಕ್ಷಕರು ಇದ್ದಾರೆ. ಅದೇ ಅವರ ಉದ್ಯೋಗ, ಅದಕ್ಕೇ ಸಂಬಳ. ಇಲ್ಲಿ ತೋಟ ನಿಂತಿರುವುದು ಒಬ್ಬ ಮೇಷ್ಟ್ರ ಅಥವಾ ಮೇಡಂ ಹುಮ್ಮಸ್ಸಿನ ಮೇಲೆ. ಅವರಿಗೆ ವರ್ಗವಾದರೆ ತೋಟಕ್ಕೂ ವರ್ಗವಾದಂತೆಯೇ. ಗಣತಿ, ಚುನಾವಣೆ, ತರಬೇತಿ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ ಇವುಗಳ ನಡುವೆ ಬೆಂಡೆ ಗಿಡಕ್ಕೆ ಹೇನು ಹತ್ತಿದ್ದನ್ನು ಯಾರು ನೋಡಬೇಕು? ವೇಳಾಪಟ್ಟಿಯಲ್ಲಿ ವಾರಕ್ಕೊಂದು ಅವಧಿಯೂ ಇಲ್ಲದ ತೋಟವನ್ನು ಕಾರ್ಯಕ್ರಮ ಎಂದು ಕರೆಯಲಾಗದು.

ಆದರೆ ಬರ್ಕ್ಲಿಯವರು ದುಡ್ಡು ಕೊಟ್ಟು ತಂದದ್ದು ಇಲ್ಲಿನ ಶಾಲೆಗಳಲ್ಲಿ ಮೊದಲೇ ಇದೆ, ಯಾರ ಕಣ್ಣಿಗೂ ಬಿದ್ದಿಲ್ಲ. ಬಿಸಿಯೂಟದ ಅಡುಗೆಯವರು. ಬಹುಪಾಲು ಅದೇ ಊರಿನ, ಹೊಲಗದ್ದೆಯ ಕೆಲಸ ಬಲ್ಲ ಹೆಂಗಸರು. ಕೋಲಾರ, ತುಮಕೂರು ಕಡೆಯವರಾದರೆ ಮಳೆ ಬಿದ್ದ ಹೊಲದಲ್ಲಿ ಅಣ್ಣೆ, ಗಣಿಕೆ, ಹೊನಗೊನೆ ಆರಿಸಿ ತಂದು ಬೆರಕೆ ಸೊಪ್ಪಿನ ಸಾರು ಮಾಡುವುದು ಗೊತ್ತು. ಉತ್ತರ ಕರ್ನಾಟಕದವರಿಗೆ ಪುಂಡಿಪಲ್ಯೆಯ ಹುಳಿ ಯಾವಾಗ ಹದ ಎಂದು ಗೊತ್ತು. ಕರಾವಳಿಯವರಿಗೆ ಬಸಳೆಯ ಚಪ್ಪರ, ಒಂದೆಲಗದ ಚಟ್ನಿ ಗೊತ್ತು. ತಿನ್ನುವ ಸೊಪ್ಪು ಯಾವುದು, ಅದರಂತೆಯೇ ಕಾಣುವ ತಿನ್ನಬಾರದ ಸೊಪ್ಪು ಯಾವುದು ಎಂಬ ಜ್ಞಾನ ಪರಿಸರ ಅಧ್ಯಯನದ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಅವರನ್ನು ಸೌಟಿನ ಹಿಂದಿನಿಂದ ತರಗತಿಯ ಮುಂದೆ ತಂದು ನಿಲ್ಲಿಸಿ, ಆ ಗಂಟೆಗೆ ತಕ್ಕ ಸಂಭಾವನೆ ಕೊಡಬೇಕು. ಈಗಿನ ಗೌರವಧನ ಅಡುಗೆ ಕೆಲಸಕ್ಕೇ ಸಾಲದು ಎಂದು ಅವರು ಬೀದಿಗಿಳಿದು ಧರಣಿ ಕೂತದ್ದನ್ನು ನಾಡು ನೋಡಿದೆ. ಪಾಠವನ್ನೂ ಪುಕ್ಕಟೆ ಹೇಳಿಸಿಕೊಳ್ಳುವುದು ತರವಲ್ಲ.

ಒಂದು ಹಿಡಿ ಮಣ್ಣೂ ಇಲ್ಲದ ನಗರದ ಶಾಲೆಗಳ ಗತಿ? ಅವಕ್ಕೆ ಬೀದಿಯ ಮರ ಇದೆ. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ‘ಸೀಸನ್‌ವಾಚ್’ನಲ್ಲಿ ಮಕ್ಕಳು ತಮಗೆ ಬೇಕಾದ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ನೋಡಿ ಬರೆದುಕೊಳ್ಳುತ್ತಾರೆ: ಚಿಗುರೆಷ್ಟು, ಬಲಿತ ಎಲೆಯೆಷ್ಟು, ಮೊಗ್ಗು ಹೂ ಕಾಯಿ ಹಣ್ಣು ಇವೆಯೇ ಇಲ್ಲವೇ. ನೆರೆಯ ಕೇರಳದ ಶಾಲೆಗಳು ಇದರಲ್ಲಿ ಬಹಳ ಮುಂದಿವೆ. ಹೊಂಗೆ ಯಾವಾಗ ಎಲೆ ಉದುರಿಸಿ ಯಾವಾಗ ಚಿಗುರಿತು, ಮಾವು ಹೂ ಬಿಟ್ಟದ್ದು ಹೋದ ವರ್ಷಕ್ಕಿಂತ ಬೇಗವೋ ತಡವೋ ಎಂದು ಮಕ್ಕಳು ಬರೆದಿಟ್ಟದ್ದು ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವವರಿಗೂ ಬೇಕಾದ ಮಾಹಿತಿ. ನಮ್ಮ ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ವೂ ಒಳ್ಳೆಯದೇ, ಆನೆಯ ಲದ್ದಿ ಕಂಡ ಮಕ್ಕಳ ಮುಖ ನೋಡಬೇಕು. ಆದರೂ ಒಮ್ಮೆ ನೋಡಿ ಬಂದ ಕಾಡಿಗಿಂತ ವರ್ಷವಿಡೀ ನೋಡಿದ ಒಂದು ಹೊಂಗೆ ಹೆಚ್ಚು ಕಲಿಸೀತು.

ಇನ್ನು ರಜೆಯ ಸಮಸ್ಯೆ. ಜಗತ್ತಿನ ಯಾವ ಮೂಲೆಯ ಶಾಲಾ ತೋಟಕ್ಕೂ ದೊಡ್ಡ ಶತ್ರು ಹುಳುವಲ್ಲ, ರಜೆ. ಜಪಾನಿನ ಶಾಲೆಗಳು ಇದನ್ನು ಸರಳವಾಗಿ ಬಿಡಿಸಿಕೊಂಡಿವೆ. ಅಲ್ಲಿ ಒಂದನೇ ತರಗತಿಯ ಮಗು ತನ್ನದೇ ಕುಂಡದಲ್ಲಿ ಅಸಗಾವೊ ಎಂಬ, ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಹೂವಿನ ಬಳ್ಳಿ ಬೆಳೆಸುತ್ತದೆ. ಜುಲೈನಲ್ಲಿ ಬೇಸಿಗೆ ರಜೆ ಬಿಟ್ಟಾಗ ಕುಂಡ ಮನೆಗೆ ಹೋಗುತ್ತದೆ, ರಜೆಯಿಡೀ ಮಗು ಅದರ ದಿನಚರಿ ಬರೆಯುತ್ತದೆ, ಕೊನೆಗೆ ಬೀಜ ಆರಿಸಿಕೊಳ್ಳುತ್ತದೆ. ಆ ಬೀಜವನ್ನು ಮುಂದಿನ ವರ್ಷ ಒಂದನೇ ತರಗತಿಗೆ ಸೇರುವ ಪುಟಾಣಿಗಳಿಗೆ ಕೊಡುವ ರೂಢಿ ಎಷ್ಟೋ ಶಾಲೆಗಳಲ್ಲಿದೆ. ಆಹಾರ ಶಿಕ್ಷಣಕ್ಕೆಂದೇ 2005ರಲ್ಲಿ ಕಾನೂನು ಮಾಡಿದ ದೇಶ ಅದು.

ರಜೆಯ ಲೆಕ್ಕದಲ್ಲಿ ಕರ್ನಾಟಕ ಅದೃಷ್ಟವಂತ. ಅಮೆರಿಕದ ಮಕ್ಕಳಿಗೆ ಟೊಮೆಟೊ, ಜೋಳ ಹುಲುಸಾಗಿ ಬೆಳೆಯುವ ತಿಂಗಳುಗಳಲ್ಲೇ ಶಾಲೆಗೆ ರಜೆ. ಇಲ್ಲಿ ಏಪ್ರಿಲ್-ಮೇ ಬಿಸಿಲಿಗೆ ರಜೆ, ಮುಂಗಾರಿನ ಜೊತೆಗೇ ಶಾಲೆ ಶುರು. ಜೂನ್ ಮೊದಲ ವಾರದಲ್ಲಿ ಬಿತ್ತಿದ ಮೆಂತ್ಯ, ಮೂಲಂಗಿ ನಾಲ್ಕೈದು ದಿನಕ್ಕೆ ಮೊಳೆಯುತ್ತವೆ. ಮೆಂತ್ಯ, ದಂಟು ತಿಂಗಳೊಳಗೆ ಅಡುಗೆಗೆ ಬರುತ್ತವೆ. ಚಿಕ್ಕ ತರಗತಿಗಳಿಗೆ ಇವೇ ಸರಿ, ಟೊಮೆಟೊ ಹಣ್ಣಾಗುವ ತನಕ ಕಾಯುವ ವ್ಯವಧಾನ ಆರು ವರ್ಷದವರಿಗಿಲ್ಲ. ಮಲೆನಾಡು, ಕರಾವಳಿಯ ಜಡಿಮಳೆಗೆ ಎಳೆ ಸೊಪ್ಪು ಕೊಳೆಯುತ್ತದೆ. ಅಲ್ಲಿ ಮಳೆಗಾಲಕ್ಕೆ ಬೆಂಡೆ, ಮುಳ್ಳುಸೌತೆ, ಹೀರೆ. ಹರಿವೆಯ ಸರದಿ ದಸರಾ ರಜೆ ಮುಗಿದ ಮೇಲೆ. ಬೇಸಿಗೆ ದಾಟಬೇಕಾದ ಗಿಡಗಳೆಂದರೆ ನುಗ್ಗೆ, ಕರಿಬೇವು, ಚಕ್ರಮುನಿ, ಪಪ್ಪಾಯಿ. ನುಗ್ಗೆಯನ್ನು ಮೊದಲ ಮಳೆಗೆ ಮಣಿಕಟ್ಟಿನಷ್ಟು ದಪ್ಪದ ಕೊಂಬೆ ನೆಟ್ಟು ಬುಡಕ್ಕೆ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು, ಮುಂದಿನ ಬೇಸಿಗೆಯ ಹೊತ್ತಿಗೆ ಅದು ಬೇರೂರಿರುತ್ತದೆ. ಉಳಿದವಕ್ಕೆ ಒಣ ಎಲೆಯ ದಪ್ಪ ಮುಚ್ಚಿಗೆ ಹಾಕಿ, ಶಾಲೆಯ ಪಕ್ಕದ ಮನೆಯವರಿಗೆ ವಾರಕ್ಕೆರಡು ಸಲ ನೀರು ಹಾಕಲು ಹೇಳಿ, ರಜೆಯಲ್ಲಿ ಬಿಟ್ಟ ಪಪ್ಪಾಯಿ ಹಣ್ಣು ಅವರಿಗೇ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲೇ ಒಪ್ಪಂದ ಮಾಡಿಕೊಳ್ಳುವುದು ಕ್ಷೇಮ.